ಹಳೇ ಗಳ ಕೀಳದ ನನ್ನ ತಮ್ಮ

ನನ್ನ ತಮ್ಮ ಸುಧಾಕರನ ಬಗ್ಗೆ ಕುಮಟಾದಿಂದ ಭಟ್ಕಳದವರೆಗೆ ಯಾವ ಬಂದರಿನಲ್ಲಿ ಕೇಳಿದರೂ ಹೊಗಳುತ್ತಾರೆ. ಬಡವರ ಫೋನು ಪುಕ್ಕಟೆ ರಿಪೇರಿ ಮಾಡಿಕೊಡುತ್ತಾನೆ, ಯಾರಿಗೂ ಎದುರು ಮಾತಾಡುವುದಿಲ್ಲ, ಅಪ್ಪನ ಹೆಸರು ಉಳಿಸಿದ ಮಗ, ಹೀಗೆ. ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಅವನ ಒಡಹುಟ್ಟಿದ ಅಕ್ಕ ನಾನು, ಸುಚಿತಾ, ಅವನ ಮೂಗು ಒರೆಸಿ ಬೆಳೆಸಿದವಳು. ಅವನು ಇದ್ದ ಹಾಗೆ ಹೇಳಲು ಬೇರೆ ಯಾರೂ ಮುಂದೆ ಬರುವುದಿಲ್ಲ, ಅದಕ್ಕೆ ನಾನೇ ಹೇಳುತ್ತೇನೆ.

ನಮ್ಮಪ್ಪ ಮಾಬ್ಲ, ಹೊನ್ನಾವರದ ತಾಂಡೇಲ. ದೋಣಿಯಲ್ಲಿ ಎಷ್ಟೇ ಜನ ಇರಲಿ, ಎಲ್ಲಿ ಬಲೆ ಬಿಡಬೇಕು, ಯಾವಾಗ ತಿರುಗಬೇಕು ಎಂದು ಹೇಳುವವನು ತಾಂಡೇಲ. ಅವನ ಮಾತೇ ಕೊನೆ. ಅಂಥವನ ಮಗನಿಗೆ ದೋಣಿ ಹತ್ತಿದರೆ ವಾಂತಿ. ಸಮುದ್ರ ಹಾಗಿರಲಿ, ಹೊಳೆ ದಾಟುವಾಗಲೂ ವಾಂತಿ. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. "ಸಮುದ್ರ ಎಲ್ಲರನ್ನೂ ಕರೀತದಾ? ಇವನ್ನ ಕರೀಲಿಲ್ಲ, ಬಿಡು" ಅಂದು ಡಿಪ್ಲೊಮಾ ಓದಿಸಿದ. ನನ್ನನ್ನು ಹತ್ತನೇ ಕ್ಲಾಸಿಗೆ ಬಿಡಿಸಿ ಅಮ್ಮನ ಜೊತೆ ಮೀನುಬುಟ್ಟಿ ಹೊರಿಸಿದರು. ಇದನ್ನೂ ಮೊದಲೇ ಹೇಳಿಬಿಡುತ್ತೇನೆ, ಅಕ್ಕನಿಗೆ ಹೊಟ್ಟೆಕಿಚ್ಚು ಎನ್ನುವವರಿಗೆ ಅನುಕೂಲವಾಗಲಿ.

ಓದು ಮುಗಿಸಿ ಬಂದವನು ಕುಮಟಾ ಬಸ್‌ಸ್ಟ್ಯಾಂಡಿನ ಹಿಂದೆ ಮೊಬೈಲ್ ರಿಪೇರಿ ಅಂಗಡಿ ಹಾಕಿದ. ಅವನ ಗುಣ ತಿಳಿಯಬೇಕಾದರೆ ಆ ಅಂಗಡಿ ನೋಡಬೇಕು. ಹತ್ತು ವರ್ಷದ ಹಿಂದಿನ ಚಾರ್ಜರು, ಹಲ್ಲು ಉದುರಿದ ಕೀಬೋರ್ಡು, ಯಾರೋ ಬಿಟ್ಟು ಹೋದ ಸತ್ತ ಫೋನುಗಳು, ಏನನ್ನೂ ಎಸೆದಿಲ್ಲ. ಎಸೆಯೋ ಎಂದರೆ, "ಇರ್ಲಿ ಅಕ್ಕ, ಯಾರಿಗಾದ್ರೂ ಬೇಕಾಗ್ತದೆ" ಎನ್ನುತ್ತಾನೆ. ಬೇಡ ಎನ್ನಲು ಬಾಯಿ ಬಾರದು, ಹೌದು ಎನ್ನಲು ಧೈರ್ಯ ಸಾಲದು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬದುಕಿದವನು. ಅದನ್ನೇ ಜನ ಒಳ್ಳೆಯತನ ಎನ್ನುತ್ತಾರೆ.

ಇನ್ನು ನಮ್ಮೂರ ಅಳಿವೆ ಗೊತ್ತಿಲ್ಲದವರಿಗೆ ಒಂದು ಮಾತು. ಶರಾವತಿ ಸಮುದ್ರ ಸೇರುವ ಬಾಯಿ ಅದು. ದೋಣಿಗಳು ಹೊರಗೆ ಹೋಗುವುದಕ್ಕೂ ಒಳಗೆ ಬರುವುದಕ್ಕೂ ಅದೊಂದೇ ಬಾಗಿಲು, ಆದರೆ ಆ ಬಾಗಿಲು ಇದ್ದಲ್ಲಿ ಇರುವುದಿಲ್ಲ. ಮಳೆಗಾಲದಲ್ಲಿ ಹೊಳೆ ಮರಳು ತಂದು ಸುರಿಯುತ್ತದೆ, ಸಮುದ್ರ ಅದನ್ನು ಎತ್ತಿ ಇನ್ನೊಂದು ಕಡೆ ಹಾಕುತ್ತದೆ. ಹೋದ ವರ್ಷ ದೋಣಿ ಹೋದ ಜಾಗದಲ್ಲಿ ಈ ವರ್ಷ ಕಾಗೆ ಕೂತಿರುತ್ತದೆ. ಭರತ ಏರಿ ನೀರು ತುಂಬಿದಾಗ ಮೇಲಿಂದ ನೋಡಿದರೆ ಎಲ್ಲ ಒಂದೇ ನೀರು, ಯಾವುದು ಆಳ ಯಾವುದು ಮರಳು ಎಂದು ಗೊತ್ತಾಗುವುದಿಲ್ಲ.

ಅದಕ್ಕೇ ಮಳೆ ತಗ್ಗಿ, ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆ ಅಪ್ಪ ಸಣ್ಣ ದೋಣಿಯಲ್ಲಿ ಬಿದಿರ ಗಳ ಹಿಡಿದು ಹೋಗುತ್ತಿದ್ದ. ಅಡಿ ಮುಟ್ಟಿಸಿ ಮುಟ್ಟಿಸಿ ಆಳ ನೋಡಿ, ಆಳ ಇದ್ದ ದಾರಿಯ ಎರಡೂ ಬದಿಗೆ ಗಳ ನೆಟ್ಟು ತುದಿಗೆ ಕೆಂಪು ಬಟ್ಟೆ ಕಟ್ಟುತ್ತಿದ್ದ. ಆ ವರ್ಷ ಎಲ್ಲ ದೋಣಿಗಳೂ ಆ ಬಟ್ಟೆ ನೋಡಿಕೊಂಡು ಬರಬೇಕು. ಮತ್ತೆ ಮುಂದಿನ ಮಳೆಗಾಲ ಹಿಡಿಯುವ ಮುಂಚೆ ತಾನೇ ಹೋಗಿ ಒಂದೊಂದನ್ನೂ ಕಿತ್ತು ತರುತ್ತಿದ್ದ. ಗಾಳಿ ಎದ್ದಿದೆ, ಬಿಡು, ಹೊಳೆಯೇ ಕಿತ್ತುಕೊಂಡು ಹೋಗುತ್ತದೆ ಎಂದರೆ ಕೇಳುತ್ತಿರಲಿಲ್ಲ. ಒಂದು ಗಳ ಉಳಿದರೂ ಅದನ್ನು ನಂಬಿ ಒಬ್ಬ ಬರುತ್ತಾನೆ ಎನ್ನುತ್ತಿದ್ದ. ಕಿತ್ತು ತಂದ ಗಳವನ್ನು ಅಮ್ಮ ಒಣಗಿಸಿ ಒಲೆಗೆ ಹಾಕುತ್ತಿದ್ದಳು. ಅದು ಉರಿಯುವಷ್ಟು ದಿನ ನಮ್ಮ ಮನೆಯ ಅನ್ನಕ್ಕೆಲ್ಲ ಹೊಗೆ ವಾಸನೆ.

ದೋಣಿಯವರ ಕೈಗೆಲ್ಲ ದೊಡ್ಡ ಫೋನು ಬಂದ ಕಾಲಕ್ಕೆ ಸುಧಾಕರನಿಗೆ ಒಂದು ಯೋಚನೆ ಹೊಳೆಯಿತು. ಒಳ್ಳೆಯ ಯೋಚನೆಯೇ, ಇಲ್ಲ ಎನ್ನುವುದಿಲ್ಲ. ಅಪ್ಪನ ಕೈಗೆ ಒಂದು ಫೋನು ಕೊಟ್ಟು, ಗಳ ನೆಟ್ಟ ದಾರಿಯಲ್ಲೇ ದೋಣಿ ನಡೆಸಲು ಹೇಳಿ, ಆ ದಾರಿಯನ್ನು ಗೆರೆಯಾಗಿ ಫೋನಿನೊಳಗೆ ಹಿಡಿದ. ಅಪ್ಪ ದೋಣಿ ನಡೆಸುತ್ತ ಕೂಗಿದ್ದೂ ಅದರಲ್ಲಿ ಸೇರಿತು. "ಎಡಕ್ಕೆ ಹಿಡಿ. ಇನ್ನೂ ಎಡ. ಈಗ ನೇರ ಬಾ, ಹೆದರಬೇಡ, ಕೆಳಗೆ ನೀರು ಅದೆ." ಎಂಜಿನ್ ಸದ್ದಿನ ಮೇಲೆ ಅಪ್ಪನ ಒಡಕು ದನಿ. ದೋಣಿ ಆ ಗೆರೆಯ ಮೇಲೆ ಬಂದರೆ ಆಯಾ ಜಾಗದಲ್ಲಿ ಆಯಾ ಮಾತನ್ನು ಫೋನು ಹೇಳುತ್ತದೆ, ಬೇರೆ ಎಲ್ಲೇ ಇಟ್ಟರೂ ಅದು ಮೂಕ. ಸುಧಾಕರ ಅದನ್ನು ಒಂದು ಆ್ಯಪು ಮಾಡಿ, ಹೆಸರಿಟ್ಟು, ತನ್ನದೇ ವೆಬ್ ಪುಟದಲ್ಲಿ ಹಾಕಿ, ಬೇಕಾದವರು ಡೌನ್‌ಲೋಡ್ ಮಾಡಿಕೊಳ್ಳಿ ಅಂದ.

ಮಂಜು ಬಿದ್ದಾಗ, ಮಳೆ ಹೊಡೆದಾಗ ಗಳದ ಬಟ್ಟೆ ಕಾಣುವುದಿಲ್ಲ. ಅಂಥ ಹೊತ್ತಿನಲ್ಲಿ ಆ ಆ್ಯಪು ಕೆಲಸಕ್ಕೆ ಬಂತು. ಮುರ್ಡೇಶ್ವರ, ಭಟ್ಕಳದ ಕಡೆಯ ದೋಣಿಗಳು ಗಾಳಿಗೆ ಸಿಕ್ಕಿ ನಮ್ಮ ಅಳಿವೆಗೆ ನುಗ್ಗಬೇಕಾದಾಗ, ನಮ್ಮ ನೀರು ಗೊತ್ತಿಲ್ಲದವರಿಗೂ ದಾರಿ ಸಿಕ್ಕಿತು. ಬಂದವರೆಲ್ಲ ಸುಧಾಕರನ ಬೆನ್ನು ತಟ್ಟಿ ಹೋದರು. ಕೈ ಕೆಸರು ಅಪ್ಪನದು, ಬಾಯಿ ಮೊಸರು ಮಗನದು.

ಮರುವರ್ಷದ ಮಳೆಗಾಲದಲ್ಲಿ ಅಪ್ಪ ಜಗಲಿಯ ಮೇಲೆ ಬಲೆ ಹೆಣೆಯುತ್ತ ಕೂತವನು ಎದೆ ಹಿಡಿದುಕೊಂಡು ಹಾಗೇ ಹೋದ. ಗಳ ನೆಡುವ ಕೆಲಸ ಅಪ್ಪನ ಜೊತೆಗಾರ ದುರ್ಗಪ್ಪಣ್ಣನಿಗೆ ಬಂತು. ಅವನು ಅಳೆದ ಹೊಸ ದಾರಿ ಹಾಕಿ ಸುಧಾಕರ ಹೊಸ ಆವೃತ್ತಿ ಮಾಡಿದ. ಆದರೆ ದುರ್ಗಪ್ಪಣ್ಣನಿಗೆ ಫೋನಿನ ಎದುರು ಬಾಯಿ ಬರಲಿಲ್ಲ. ಅದಕ್ಕೆ ಕಂಪ್ಯೂಟರಿನ ಹೆಂಗಸಿನ ದನಿ ಹಾಕಿದ. ರೈಲು ತಡವಾಗಿದೆ ಎಂದು ಸ್ಟೇಷನ್ನಿನಲ್ಲಿ ಹೇಳುತ್ತಾಳಲ್ಲ, ಅಂಥದೇ ದನಿ. "ದಯವಿಟ್ಟು ಎಡಕ್ಕೆ ತಿರುಗಿ" ಅಂತು. ದೋಣಿಯವರು ಬಿದ್ದು ಬಿದ್ದು ನಕ್ಕರು. ಸಮುದ್ರದಲ್ಲಿ ಯಾರಿಗೆ ಯಾರು ದಯವಿಟ್ಟು ಎನ್ನುತ್ತಾರೆ? ಇವಳು ಯಾವತ್ತು ದೋಣಿ ಹತ್ತಿದ್ದಳು ಎಂದು ಕೇಳಿದರು.

ಇಲ್ಲಿ ಸುಧಾಕರ ಮಾಡಿದ್ದನ್ನು ನೋಡಿ. ಹೊಸದನ್ನು ಪುಟದ ಮೇಲೆ ಹಾಕಿದ, ಹಳೆಯದನ್ನು ತೆಗೆಯಲಿಲ್ಲ. ಪ್ರತಿ ವರ್ಷ ಹೊಸತು ಬಂದ ಹಾಗೆ ಹಳೆಯವೆಲ್ಲ ಕೆಳಗೆ ಸಾಲಾಗಿ ಕೂತವು. ಎಲ್ಲಕ್ಕಿಂತ ಕೆಳಗೆ ನೀಲಿ ಗುರುತಿನ ಮೊದಲನೆಯದು, ಅಪ್ಪನ ದನಿಯದು. ಅದರ ಕೆಳಗೆ ಕೆಂಪಕ್ಷರದಲ್ಲಿ ಒಂದು ಸಾಲು, ಇದು ಹಳೆಯ ದಾರಿ ಎಂದು. ಇಳಿಸಿಕೊಳ್ಳುವವರು ಅದನ್ನು ಓದುತ್ತಾರೆಯೇ? ನೀಲಿ ಗುರುತು ಹುಡುಕಿ ಒತ್ತುತ್ತಿದ್ದರು. ಮಾಬ್ಲಣ್ಣನ ಆ್ಯಪು ಎಂದೇ ಅದಕ್ಕೆ ಹೆಸರು ಬಿತ್ತು. ಮೊದಲ ಎರಡು ಮಳೆಗಾಲ ಹೊಳೆ ಜಾಸ್ತಿ ಆಡಲಿಲ್ಲ, ಹಳೆ ಗೆರೆಯಲ್ಲೇ ಹೇಗೋ ದೋಣಿ ಹಾದವು. ಆಗಂತೂ ಇವರ ನಂಬಿಕೆ ಕಲ್ಲಾಯಿತು. ತಾಂಡೇಲ ಸತ್ತರೂ ಅವನ ಮಾತು ಸಾಯಲಿಲ್ಲ ಎಂದು ಬಂದರಿನಲ್ಲಿ ದೊಡ್ಡ ದೊಡ್ಡ ಮೀಸೆಯವರು ಹೇಳಿಕೊಂಡು ತಿರುಗಿದರು. ಇವರಿಗೆ ಬುದ್ಧಿ ಇಲ್ಲ ಎಂದು ನಾನು ಅಂದೇ ಹೇಳಿದ್ದೆ.

ಅಮ್ಮನ ವಿಷಯ ಇನ್ನೊಂದು. ನಮ್ಮಮ್ಮ ತಿಮ್ಮಿ ಹೊನ್ನಾವರ ಮೀನುಪೇಟೆಯಲ್ಲಿ ಕೂತು ಮಾರುವವಳು. ಅವಳ ಬಾಯಿಗೆ ಹೆದರಿ ಗಿರಾಕಿಗಳು ಚೌಕಾಸಿ ಮಾಡುವುದಿಲ್ಲ. ಆ ಆ್ಯಪು ಅಳಿವೆಯಲ್ಲಿ ಮಾತ್ರ ಮಾತಾಡುವುದರಿಂದ ಅವಳು ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಆದರೆ ಮಗ ಹೇಳಿದ್ದ, "ಅಪ್ಪ ಈಗಲೂ ಅಲ್ಲಿ ನಿಂತು ದಾರಿ ತೋರಿಸ್ತಾನೆ ಅಮ್ಮ" ಎಂದು. ಅದನ್ನು ಅವಳು ಬಂಗಡೆ ತೂಗುತ್ತ ತೂಗುತ್ತ ಪೇಟೆಗೆಲ್ಲ ಹೇಳಿದಳು. ಗಂಡ ಸತ್ತ ಮೇಲೆ ಅವಳು ನಕ್ಕದ್ದು ಆ ಮಾತು ಹೇಳುವಾಗ ಮಾತ್ರ. ಅದು ಗೊತ್ತಿದ್ದೇ ನಾನೂ ಬಾಯಿ ಬಿಗಿ ಹಿಡಿದಿದ್ದೆ.

ಹೋದ ವರ್ಷದ ಮಳೆ ಹುಚ್ಚು ಮಳೆ. ನೀರು ಇಳಿದ ಮೇಲೆ ನೋಡಿದರೆ ಅಳಿವೆಯ ಹಳೆಯ ದಾರಿಗೆ ಅಡ್ಡವಾಗಿ ಉದ್ದ ಮರಳ ದಿಬ್ಬ. ದುರ್ಗಪ್ಪಣ್ಣ ಅಳೆದು, ದೂರ ಬಲಕ್ಕೆ ಹೊಸ ಗಳ ನೆಟ್ಟ. ಸುಧಾಕರ ಹೊಸ ಆವೃತ್ತಿ ಹಾಕಿದ. ನನ್ನ ಗಂಡ ರಾಜೀವ ಅದೇ ಸಮಯಕ್ಕೆ ಹೊಸ ಫೋನು ಕೊಂಡ. ಆ ಪುಟಕ್ಕೆ ಹೋದ. ಮೇಲೇ ಇದ್ದ ಹೊಸದನ್ನು ಬಿಟ್ಟು, ಬೆರಳಲ್ಲಿ ತಳ್ಳುತ್ತ ತಳ್ಳುತ್ತ ಕೆಳಗೆ ಹೋಗಿ ನೀಲಿಯನ್ನು ಇಳಿಸಿಕೊಂಡ. ಎಂತಕ್ಕೆ ಎಂದು ಆಮೇಲೆ ಕೇಳಿದೆ. "ಮಾವನ ದನಿ ಕೇಳಿದ್ರೆ ಎದೆ ಗಟ್ಟಿ ಆಗ್ತದೆ" ಅಂದ. ನನ್ನ ಗಂಡನೂ ಏನು ಸಾಚಾ ಅಲ್ಲ, ಅವನನ್ನೂ ನಾನು ಬಿಡುವುದಿಲ್ಲ.

ಅದಾಗಿ ವಾರದೊಳಗೆ ಒಂದು ಬೆಳಿಗ್ಗೆ ಅವನು ದೋಣಿಯಲ್ಲಿ ಮೀನು ತುಂಬಿಕೊಂಡು ತಿರುಗಿ ಬರುವಾಗ ಮೋಡ ಕವಿದು ಮಳೆ ಹೊಡೆಯಿತು. ಗಳ ಕಾಣಲಿಲ್ಲ. ದಿಕ್ಕು ತಪ್ಪಿದ ರಾಜೀವ ಫೋನು ನಂಬಿ ಎಡಕ್ಕೆ ಹಿಡಿದ. ಅಪ್ಪ ನೇರ ಬಾ ಎನ್ನುವಾಗ ದೋಣಿ ಮರಳಿಗೆ ಕಚ್ಚಿ ನಿಂತಿತು, ಹಿಂದಿನಿಂದ ಬಂದ ತೆರೆ ಅದನ್ನು ಅಡ್ಡ ತಿರುಗಿಸಿ ಮಗುಚಿತು. ಇನ್ನೊಂದು ದೋಣಿಯವರು ರಾಜೀವನನ್ನು ಎಳೆದುಕೊಂಡರು. ಅವನ ಜೊತೆ ಇದ್ದವನು ಚೌಡ, ನಮ್ಮ ಮದುವೆಗೂ ಮುಂಚಿನಿಂದ ಅವನ ದೋಣಿಗೆ ಬರುತ್ತಿದ್ದವನು, ನನ್ನ ಮಕ್ಕಳಿಗೆ ಈಜು ಕಲಿಸಿದವನು. ಚೌಡ ಬಲೆಯಲ್ಲಿ ಸುತ್ತಿಕೊಂಡು ಹೋಗಿದ್ದ. ಮರುದಿನ ಧಾರೇಶ್ವರದ ಕಡೆಯ ದಂಡೆಯಲ್ಲಿ ಸಿಕ್ಕಿದ.

ಊರವರು ಸಮುದ್ರ ಕೊಂಡುಹೋಯಿತು ಅಂದರು. ಸಮುದ್ರದ ಮೇಲೆ ಹಾಕಿದರೆ ಸುಲಭ, ಅದು ತಿರುಗಿ ಮಾತಾಡುವುದಿಲ್ಲ. ಸುಧಾಕರ ಬಂದು ಅತ್ತ. ಹೆಣ ಹೊತ್ತ, ಸೌದೆ ತರಿಸಿದ, ಚೌಡನ ಹೆಂಡತಿ ಮಹಾಲಕ್ಷ್ಮಿಗೆ ಅಕ್ಕಿ ಮೂಟೆ ಇಳಿಸಿದ. ಎಲ್ಲ ಮಾಡಿದ. ಹೋಗಿ ತನ್ನ ಪುಟದಿಂದ ಆ ನೀಲಿಯನ್ನು ಮಾತ್ರ ತೆಗೆಯಲಿಲ್ಲ. ಹನ್ನೆರಡನೇ ದಿನದ ಊಟ ಮುಗಿಸಿ ಬಂದು ನಾನು ನನ್ನ ಫೋನಿನಲ್ಲಿ ನೋಡಿದೆ, ಇದ್ದಲ್ಲೇ ಇತ್ತು.

ಮಾರನೆಯ ದಿನ ಬಸ್ಸು ಹತ್ತಿ ಕುಮಟಾಕ್ಕೆ ಹೋದೆ. ಅಂಗಡಿಯಲ್ಲಿ ಗಿರಾಕಿ ಇದ್ದರು, ನಾನು ಕಾಯಲಿಲ್ಲ.

"ಅದನ್ನ ಎಂತಕ್ಕೆ ಇಟ್ಟಿದ್ದೀ ಇನ್ನೂ?"

"ಅಕ್ಕ, ಕೂತ್ಕೊ. ಹಳೇ ಫೋನಿನವರು ಅದಾರೆ. ಹೊಸದು ಅವರ ಫೋನಲ್ಲಿ ನಡೆಯೂದಿಲ್ಲ."

"ರಾಜೀವಂದು ಹಳೇ ಫೋನಾ? ಡಬ್ಬಿ ಒಡೆದು ಎಂಟು ದಿನ ಆಗಿರ್ಲಿಲ್ಲ."

"ಕೆಂಪಕ್ಷರದಲ್ಲಿ ಬರ್ದಿದ್ದೇನೆ. ಭಾವಂಗೆ ಬಾಯಲ್ಲೂ ಹೇಳಿದ್ದೆ, ಹೊಸದೇ ಹಾಕ್ಕೊಳ್ಳಿ ಅಂತ."

"ಅಪ್ಪ ಗಳದ ಬುಡಕ್ಕೆ ಚೀಟಿ ಕಟ್ಟಿ ಬಿಡ್ತಿದ್ನಾ, ಇದು ಹಳೇದು ಅಂತ? ಕಿತ್ತು ತರ್ತಿದ್ದ ಕಣೋ."

ಅವನು ಸ್ಕ್ರೂಡ್ರೈವರು ಕೆಳಗಿಟ್ಟು ಗಿರಾಕಿಗಳ ಕಡೆ ನೋಡಿದ. ನಾಲ್ಕು ಜನರ ಎದುರು ಮರ್ಯಾದೆ ಹೋಗುತ್ತದೆ ಎಂಬ ಚಿಂತೆ ಅವನಿಗೆ. ಆಮೇಲೆ ಮೆಲ್ಲಗೆ ಹೇಳಿದ, ತಾನು ತೆಗೆದರೂ ಅದು ಸಾಯುವುದಿಲ್ಲ, ಫೋನಿನಿಂದ ಫೋನಿಗೆ ಕಳಿಸಿಕೊಳ್ಳುತ್ತಾರೆ, ತನ್ನ ಪುಟದಲ್ಲಿದ್ದರೆ ಎಚ್ಚರಿಕೆಯ ಸಾಲಾದರೂ ಜೊತೆಗಿರುತ್ತದೆ ಎಂದು. ದೊಡ್ಡ ದೊಡ್ಡ ಕಂಪನಿಯವರೂ ಹಳೆಯದನ್ನೆಲ್ಲ ಇಟ್ಟಿರುತ್ತಾರೆ ಎಂದ. ಎಷ್ಟು ತಯಾರಾದ ಮಾತು! ಕೇಳುತ್ತ ಕೇಳುತ್ತ ನನ್ನ ಮೈ ಉರಿಯಿತು. ನಿಜವಾದ ಮಾತು ಆಮೇಲೆ ಬಂತು.

"ಅದೊಂದೇ ಅಕ್ಕ ಉಳಿದದ್ದು ಅಪ್ಪಂದು. ಜನ ಈಗಲೂ ಅದನ್ನೇ ಕೇಳ್ತಾರೆ. ಹೊಸದಕ್ಕಿಂತ ಅದನ್ನೇ ಜಾಸ್ತಿ ಇಳಿಸ್ಕೊಂಡಿದ್ದಾರೆ, ಗೊತ್ತಾ?"

ಆ ಕೊನೆಯ ಮಾತು ಹೇಳುವಾಗ ಅವನ ಮುಖದಲ್ಲಿ ಹೆಮ್ಮೆ ಇತ್ತು. ಚೌಡ ಸತ್ತು ಹದಿಮೂರು ದಿನ. ನಾನು ಅವನ ಮೇಜಿನ ಮೇಲಿದ್ದ ಸ್ಕ್ರೂಗಳ ತಟ್ಟೆಯನ್ನು ಎತ್ತಿ ನೆಲಕ್ಕೆ ಬಡಿದೆ. "ನಿನ್ನಪ್ಪನ ಫೋಟೋ ನಿನ್ನ ಮನೇಲಿ ಹಾಕ್ಕೋ, ದಿನಾ ಹೂ ಇಡು. ಅಳಿವೇಲಿ ನಿಲ್ಲಿಸಿ ಜನರನ್ನ ಮುಳುಗಿಸ್ಬೇಡ" ಅಂದು ಹೊರಟುಬಂದೆ.

ಅವನು ತೆಗೆಯಲಿಲ್ಲ. ನಾನು ದಿನಾ ನೋಡುತ್ತಿದ್ದೆ. ನನಗೆ ಫೋನು ಮಾಡುವುದನ್ನು ಅವನು ಬಿಟ್ಟ, ನಾನೂ ಬಿಟ್ಟೆ. ಹಾಗೇ ಇನ್ನೆಷ್ಟು ದಿನ ನಡೆಯುತ್ತಿತ್ತೋ. ಒಂದು ದಿನ ಪೇಟೆಯಲ್ಲಿ ನಡೆದದ್ದು ನನ್ನ ಬಾಯಿ ಬಿಡಿಸಿತು.

ಮಹಾಲಕ್ಷ್ಮಿ ಗಂಡ ಸತ್ತ ಮೇಲೆ ಮತ್ತೆ ಮೀನಿಗೆ ಬರತೊಡಗಿದ್ದಳು. ಅವಳ ಜಾಗ ಅಮ್ಮನ ಪಕ್ಕದ್ದು, ಇಬ್ಬರ ಬುಟ್ಟಿ ಒಂದಕ್ಕೊಂದು ತಾಗಿಯೇ ಇರುತ್ತಿತ್ತು. ಕಾಗಾಲದ ಕಡೆಯ ಒಬ್ಬಳು ಗಿರಾಕಿ ಚೌಡನ ವಿಷಯ ಎತ್ತಿ ಪಾಪ ಪಾಪ ಎಂದಳು. ಆಗ ನಮ್ಮಮ್ಮ ಮಹಾಲಕ್ಷ್ಮಿಯ ಬೆನ್ನು ಸವರುತ್ತ ಹೇಳಿದಳು, "ಆ ಕಂಪ್ಯೂಟರ್ ಹೆಂಗಸಿನ ಮಾತು ಕೇಳಿ ಹಾಳಾದ್ರು. ನಮ್ಮವರ ದನಿ ಹಾಕ್ಕೊಂಡಿದ್ರೆ ಚೌಡ ಇವತ್ತು ಇರ್ತಿದ್ದ." ಮಹಾಲಕ್ಷ್ಮಿ ಹೌದು ಎಂಬಂತೆ ತಲೆ ಆಡಿಸಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಮ್ಮ ಹಾಗೆ ತಿಳಿದಿದ್ದಾಳೆ ಎಂದು ಸುಧಾಕರನಿಗೆ ಗೊತ್ತಿತ್ತು. ಅವನು ಸುಳ್ಳು ಹೇಳಿರಲಿಲ್ಲ, ಅಷ್ಟು ಧೈರ್ಯ ಅವನಿಗಿಲ್ಲ. ಅವಳು ತಪ್ಪು ತಿಳಿದಾಗ ಸುಮ್ಮನೆ ಕೂತಿದ್ದ, ಎಲ್ಲದಕ್ಕೂ ಸುಮ್ಮನಿರುವ ಹಾಗೆ. ಅಂದು ಅಮ್ಮನನ್ನು ನನ್ನ ಮನೆಗೆ ಕರೆತಂದು, ಅವಳು ಕೈಕಾಲು ತೊಳೆದು ಚಾ ಕುಡಿಯಲು ಕೂತಾಗ ನಾನು ಎಲ್ಲವನ್ನೂ ಹೇಳಿದೆ. ರಾಜೀವ ಒಳಗಿಂದ ಬಂದು ತಲೆ ತಗ್ಗಿಸಿ ನಿಂತು, "ಹೌದು ಅತ್ತೆ, ನಾ ಹಾಕ್ಕೊಂಡದ್ದು ಮಾವನ ದನಿದೇ" ಅಂದ.

ಅಮ್ಮ ಎದ್ದು ಬಂದು ನನ್ನ ಕೆನ್ನೆಗೆ ಬಾರಿಸಿದಳು. ನನ್ನ ಗಂಡನಿಗಲ್ಲ, ನನಗೆ. ಎರಡು ಮಕ್ಕಳ ತಾಯಿ ನಾನು. "ನಿಮ್ಮಪ್ಪ ಯಾರನ್ನಾದ್ರೂ ದಾರಿ ತಪ್ಪಿಸಿದ್ರಾ? ತಮ್ಮನ ಮೇಲಿನ ಸಿಟ್ಟಿಗೆ ಸತ್ತವರ ಮೇಲೆ ಹಾಕ್ತೀಯಾ?" ಅಂದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾನೂ ಬಿಡಲಿಲ್ಲ. ಅಕ್ಕಪಕ್ಕದವರು ಬೇಲಿಗೆ ಬಂದು ನಿಲ್ಲುವಷ್ಟು ಜಗಳ ಆಯಿತು. ಕೊನೆಗೆ ಅಮ್ಮ ಚಾದ ಲೋಟವನ್ನು ಅಂಗಳಕ್ಕೆ ಚೆಲ್ಲಿ ಹೇಳಿದಳು, "ಆತು. ನಾಳೆ ಇಳಿತಕ್ಕೆ ನನ್ನನ್ನ ಅಳಿವೆಗೆ ಕರ್ಕೊಂಡು ಹೋಗಿ. ಅವನೂ ಬರ್ಲಿ. ನಾನೇ ಕೇಳ್ತೇನೆ ಅವರು ಎಂತ ಹೇಳ್ತಾರೆ ಅಂತ."

ದುರ್ಗಪ್ಪಣ್ಣ ಸಣ್ಣ ದೋಣಿ ತಂದ. ಸುಧಾಕರನೂ ಬಂದ, ಅಮ್ಮ ಕರೆದರೆ ಇಲ್ಲ ಎನ್ನಲು ಅವನಿಗೆ ಬಾಯಿಲ್ಲವಲ್ಲ. ದಂಡೆ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಅಂಚಿಗೆ ಬಗ್ಗಿ ಕಕ್ಕಿದ. ಯಾರೂ ಅವನ ತಲೆ ಹಿಡಿಯಲಿಲ್ಲ. ಅಮ್ಮ ಮುಂದೆ ಕೂತು ನೀರನ್ನೇ ನೋಡುತ್ತಿದ್ದಳು. ಜೀವಮಾನವೆಲ್ಲ ಈ ಅಳಿವೆಯಿಂದ ಬಂದ ಮೀನು ಮಾರಿದವಳು ಅದರೊಳಗೆ ಬಂದದ್ದು ಅದೇ ಮೊದಲು.

ನೀರು ಇಳಿದಿತ್ತು. ದಿಬ್ಬ ಎಮ್ಮೆಯ ಬೆನ್ನಿನ ಹಾಗೆ ಎದ್ದು ಬಿಸಿಲಿಗೆ ಒಣಗಿತ್ತು. ದುರ್ಗಪ್ಪಣ್ಣ ದೋಣಿ ತಾಗಿಸಿದ, ನಾವು ಇಳಿದೆವು. ಸುಧಾಕರ ತನ್ನ ಫೋನಿನಲ್ಲಿ ಆ ನೀಲಿಯನ್ನು ಒತ್ತಿ ಅಮ್ಮನ ಕೈಗೆ ಕೊಟ್ಟ. ಅಮ್ಮ ಅದನ್ನು ಎರಡೂ ಕೈಯಲ್ಲಿ ಪ್ರಸಾದದಂತೆ ಹಿಡಿದುಕೊಂಡು ಮರಳಿನ ಮೇಲೆ ನಡೆದಳು. ಸ್ವಲ್ಪ ದೂರ ಏನೂ ಇಲ್ಲ. ಆಮೇಲೆ ಎಂಜಿನ್ ಸದ್ದು, ಅದರ ಮೇಲೆ ಅಪ್ಪ.

"ಎಡಕ್ಕೆ ಹಿಡಿ."

ಅಮ್ಮ ನಿಂತುಬಿಟ್ಟಳು. ಆಮೇಲೆ ಅವಳು ಎಡಕ್ಕೆ ತಿರುಗಿದಳು, ದೋಣಿಯೇ ತಾನು ಎಂಬಂತೆ. ನನಗೆ ಅಳು ತಡೆಯಲಾಗಲಿಲ್ಲ, ಸುಧಾಕರನ ಎದುರು ಅಳಬಾರದು ಎಂದು ಮುಖ ತಿರುಗಿಸಿದೆ.

"ಇನ್ನೂ ಎಡ."

ಅವಳು ಇನ್ನೂ ಎಡಕ್ಕೆ ಹೋದಳು. ಮದುವೆಯಾದಾಗಿನಿಂದ ಗಂಡನ ಒಂದು ಮಾತನ್ನೂ ಎದುರಾಡದೆ ಕೇಳಿದವಳಲ್ಲ ನಮ್ಮಮ್ಮ. ಆವತ್ತು ಕೇಳಿದಳು.

"ಈಗ ನೇರ ಬಾ, ಹೆದರಬೇಡ, ಕೆಳಗೆ ನೀರು ಅದೆ."

ಅಮ್ಮ ಕೆಳಗೆ ನೋಡಿದಳು. ಒಣಗಿದ ಮರಳು, ಏಡಿಯ ತೂತುಗಳು, ಹರಿದ ಬಲೆಯ ಒಂದು ತುಂಡು. ರಾಜೀವ ಅದಕ್ಕೆ ಹಾಕಿದ ಹಸಿರು ದಾರದ ಹೊಲಿಗೆ ನನಗೆ ಕಂಡಿತು.

"ಎಲ್ಲಿ ಅದೆ ನೀರು?" ಎಂದಳು ಅಮ್ಮ, ಫೋನಿಗೆ.

ಅವಳು ಹಿಂದಕ್ಕೆ ಹೋಗಿ ಮತ್ತೆ ಅದೇ ಜಾಗಕ್ಕೆ ಬಂದಳು. ಅಪ್ಪ ಮತ್ತೆ ಅದೇ ಮಾತು ಹೇಳಿದ, ಅದೇ ಧೈರ್ಯದಲ್ಲಿ.

"ಎಲ್ಲಿ ಅದೆ ನೀರು, ಕೇಳ್ತಿದ್ದೇನಲ್ಲ?" ಅವಳ ದನಿ ಪೇಟೆಯ ದನಿಯಾಯಿತು. ದಿಬ್ಬದ ತುದಿಯಲ್ಲಿ ಕೂತ ಹಕ್ಕಿಗಳು ಎದ್ದವು. ಆಮೇಲೆ ಅವಳು ಮಗನ ಕಡೆ ತಿರುಗಿದಳು.

"ನಿಮ್ಮಪ್ಪ ಜೀವ ಇರೋ ತನಕ ಅಳಿವೆ ವಿಷಯದಲ್ಲಿ ಒಂದು ಸುಳ್ಳು ಹೇಳ್ಲಿಲ್ಲ. ಸತ್ತ ಮೇಲೆ ನೀ ಹೇಳಿಸ್ತಿದ್ದೀಯಾ ಅವರ ಬಾಯಲ್ಲಿ?"

"ಅಮ್ಮಾ, ಅದು ಆಗಿನ ದಾರಿ. ಆಗ ಅದು ಸರಿಯೇ ಇತ್ತು. ಹಳೇ ಫೋನಿನವರಿಗೆ..."

"ಹಳೇ ಫೋನಿನವ್ರಿಗೆ ದುರ್ಗಪ್ಪ ನೆಟ್ಟ ಗಳ ಅದೆ. ಕಣ್ಣು ಬಿಟ್ಟು ನೋಡ್ಕೊಂಡು ಬರ್ಲಿ, ಕಾಣದಿದ್ರೆ ಹೊರಗೆ ನಿಲ್ಲಲಿ. ಈ ಗಳ ಕೀಳು."

"ಅದೊಂದೇ ಅಮ್ಮ ಅಪ್ಪನ ದನಿ ಇರೂದು."

"ನಿಮ್ಮಪ್ಪ ನೆಟ್ಟ ಗಳಾನೂ ಅವರ ಕೈಯಾರೆ ನೆಟ್ಟದ್ದೇ. ನಾ ಒಲೆಗೆ ಹಾಕ್ತಿರ್ಲಿಲ್ವಾ? ಕೀಳು ಅಂದೆ."

ಅವನು ಅಲ್ಲೇ ಮರಳಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಫೋನಿನಲ್ಲಿ ಏನೇನೋ ಒತ್ತಿದ. ಮೂಗಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆತು ಅಂದ. ನಾನು ನನ್ನ ಫೋನಿನಲ್ಲಿ ಪುಟ ತೆಗೆದು ನೋಡಿದೆ. ಹೊಸದೊಂದೇ ಇತ್ತು, ಕೆಳಗೆ ಖಾಲಿ. ತಮ್ಮ ಅಳುತ್ತಿದ್ದ, ನನಗೆ ಕರುಣೆ ಬರಲಿಲ್ಲ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದವನಿಗೆ ನಾನು ಆರತಿ ಎತ್ತಬೇಕೇ? ಈಗಲೂ ಅವನೊಡನೆ ಮಾತು ಅಷ್ಟಕ್ಕಷ್ಟೇ. ಹಬ್ಬಕ್ಕೆ ಬಂದರೆ ಊಟ ಬಡಿಸುತ್ತೇನೆ, ಎದುರು ಕೂರುವುದಿಲ್ಲ.

ಅವನ ಹೊಗಳಿಕೆಯ ಕಾಲವೂ ಸ್ವಲ್ಪ ಮುಗಿಯಿತು ಎನ್ನಿ. ನೀಲಿ ಕಾಣೆಯಾದದ್ದೇ ತಡ, ದೋಣಿಯವರ ಫೋನು ಮೇಲೆ ಫೋನು. ಅಪ್ಪನ ಹೆಸರು ಅಳಿಸಿದ ಮಗ ಅಂದರು, ಭಟ್ಕಳದ ಒಬ್ಬನಂತೂ ಅಂಗಡಿಗೇ ಬಂದು ಬೈದು ಹೋದನಂತೆ. ಒಂದು ಕೆಟ್ಟ ಮಾತು ಕೇಳದೆ ಬೆಳೆದವನು ಒಂದು ತಿಂಗಳಲ್ಲಿ ಎಲ್ಲ ಕೇಳಿದ. ನನಗೆ ಸಂತೋಷವೇ ಆಯಿತು. ಆದರೆ ಅವನ ಒಂದು ಮಾತು ನಿಜವಾಯಿತು, ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ. ಪುಟದಿಂದ ಹೋದರೂ ಆ ನೀಲಿ ಫೋನಿನಿಂದ ಫೋನಿಗೆ ಹಾರುತ್ತಲೇ ಇತ್ತು. ಕದ್ದು ಕೊಟ್ಟುಕೊಳ್ಳುತ್ತಿದ್ದರು, ಬೀಡಿ ಕೊಟ್ಟುಕೊಂಡ ಹಾಗೆ.

ಅಮ್ಮ ದಿಬ್ಬದಿಂದ ಬಂದ ಮರುದಿನವೇ ಪೇಟೆಯಲ್ಲಿ ಮಹಾಲಕ್ಷ್ಮಿಗೆ ನಿಜ ಹೇಳಿದಳು. ನಾನು ಹಿಂದೆಯೇ ಇದ್ದೆ. ಮಹಾಲಕ್ಷ್ಮಿ ಕೇಳಿ ಮುಗಿದ ಮೇಲೆ ತನ್ನ ಬುಟ್ಟಿ ಎತ್ತಿಕೊಂಡು ಸಾಲಿನ ಆ ತುದಿಗೆ ಹೋಗಿ ಕೂತಳು. ಇವತ್ತಿಗೂ ಅಲ್ಲೇ ಕೂರುತ್ತಾಳೆ, ಈ ಕಡೆ ಮುಖ ಹಾಕುವುದಿಲ್ಲ. ಅವಳು ಬಿಟ್ಟು ಹೋದ ಜಾಗದಲ್ಲಿ ಅಮ್ಮ ಯಾರನ್ನೂ ಕೂರಿಸುವುದಿಲ್ಲ.

ಅಂದಿನಿಂದ ಅಮ್ಮ ಹೊಸ ಕಾನೂನು ಮಾಡಿದ್ದಾಳೆ. ಬೆಳಿಗ್ಗೆ ಮೀನು ಹರಾಜಿಗೆ ದೋಣಿಯವರು ಬಂದರೆ ಮೊದಲು ಬುಟ್ಟಿ ನೋಡುವುದಿಲ್ಲ. "ಫೋನು ತೆಗಿ" ಎನ್ನುತ್ತಾಳೆ. ಅವಳಿಗೆ ಅಕ್ಷರ ಬರುವುದಿಲ್ಲ, ನೀಲಿ ಗುರುತು ಬರುತ್ತದೆ. ಅದು ಕಂಡರೆ ಅಲ್ಲೇ, ಅವಳ ಕಣ್ಣೆದುರೇ ಅಳಿಸಬೇಕು. ಇಲ್ಲದಿದ್ದರೆ ಅವನ ಮೀನು ಮುಟ್ಟುವುದಿಲ್ಲ, ಪಕ್ಕದವರಿಗೂ ಮುಟ್ಟಲು ಬಿಡುವುದಿಲ್ಲ. ಗಂಡಸರು ಗೊಣಗುತ್ತಾರೆ, ಹುಚ್ಚು ಮುದುಕಿ ಎನ್ನುತ್ತಾರೆ, ತೋರಿಸುತ್ತಾರೆ.

ಮೊನ್ನೆ ಮುರ್ಡೇಶ್ವರದ ವೆಂಕಟ ಬಂದಿದ್ದ, ಅಪ್ಪನ ಕೈಕೆಳಗೆ ಕೆಲಸ ಕಲಿತವನು. ಅಮ್ಮ ಫೋನು ಇಸಿದುಕೊಂಡು ನೋಡಿದಳು, ನೀಲಿ ಇತ್ತು. ಅಳಿಸು ಅಂದಳು. ವೆಂಕಟ ಬೆರಳು ಇಟ್ಟವನು ಒತ್ತಲಿಲ್ಲ.

"ತಿಮ್ಮಕ್ಕ, ಇದೊಂದು ಇರ್ಲಿ. ನಾ ಆ ದಾರಿ ನೋಡೂದಿಲ್ಲ, ದೇವ್ರಾಣೆ. ಮಾಬ್ಲಣ್ಣನ ದನಿ ಹೋಗ್ತದಲ್ಲ."

ಅಮ್ಮ ಅವನ ಬೆರಳಿನ ಮೇಲೆ ತನ್ನ ಬೆರಳಿಟ್ಟು ಒತ್ತಿದಳು. ಮೀನಿನ ಪೊರೆ ಅಂಟಿದ ಬೆರಳು. ಫೋನನ್ನು ಸೆರಗಿನಲ್ಲಿ ಒರೆಸಿ ಅವನಿಗೆ ತಿರುಗಿ ಕೊಟ್ಟಳು.

"ಹೋಗ್ಲಿ. ಅವ್ರು ಹೋದವ್ರು. ನೀ ಮನೆಗೆ ಹೋಗು."